ಮರ ಕಡೆಯುವ ವಿದ್ಯೆ: ಮೊದಲು ಒಂದು ಹಿಡಿ

ಮನೆಯಲ್ಲಿ ತಾಯಂದಿರು ಮಜ್ಜಿಗೆ ಕಡೆಯುತ್ತಾರೆ. ಕುಶಲಿಗರು ಮರ ಕಡೆಯುತ್ತಾರೆ. ಎರಡು ಕೆಲಸಕ್ಕೂ ಕನ್ನಡದಲ್ಲಿ ಮಾತು ಒಂದೇ. ನಮ್ಮ ನೆರೆಯ ತಮಿಳರು ಇದನ್ನು ‘ಕಡೈಸಲ್’ ಎನ್ನುತ್ತಾರೆ. ಅದರ ಬೇರೂ ಇದೇ. ಮಾತು ಒಂದಾಗಿರುವುದಕ್ಕೆ ಕಾರಣವುಂಟು. ಕಡೆಗೋಲಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದಂತೆಯೇ, ಹಿಂದಿನ ಕಾಲದಲ್ಲಿ ಮರದ ತುಂಡಿಗೆ ಹಗ್ಗವನ್ನಾಗಲಿ ಬಿಲ್ಲಿನ ಹೆದೆಯನ್ನಾಗಲಿ ಸುತ್ತಿ ತಿರುಗಿಸುತ್ತಿದ್ದರು. ಒಂದು ಎಳೆತಕ್ಕೆ ಮರ ಕೆಲಸಗಾರನ ಕಡೆಗೆ ತಿರುಗುವುದು, ಆಗ ಉಳಿ ಕೊರೆಯುವುದು. ಮರು ಎಳೆತಕ್ಕೆ ಮರ ಹಿಂದಕ್ಕೆ ತಿರುಗುವುದು, ಆಗ ಉಳಿಯನ್ನು ತುಸು ಸರಿಸಿ ಕಾಯುವುದು. ಈಗ ಹಗ್ಗದ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿದೆ. ಮರ ಒಂದೇ ಕಡೆಗೆ ಬಿಡುವಿಲ್ಲದೆ ತಿರುಗುತ್ತದೆ. ಮಿಕ್ಕ ವಿದ್ಯೆಯೆಲ್ಲ ಹಳೆಯದೇ.

ರಾಗಿಯ ಕಣ ಮುಗಿದ ಮೇಲೆ ಮುಂಗಾರು ಬರುವವರೆಗೆ ನಮ್ಮ ಹೊಸೂರು ಸೀಮೆಯ ಮಳೆಯಾಧಾರದ ರೈತನಿಗೆ ಹೊಲದಲ್ಲಿ ಕೆಲಸ ಕಡಿಮೆ. ಈ ಬಿಡುವಿನಲ್ಲಿ ಮನೆಯ ಕೊಟ್ಟಿಗೆಯಲ್ಲಿಯೇ ಮಾಡಬಹುದಾದ ಕೈಕೆಲಸಗಳಲ್ಲಿ ಮರ ಕಡೆಯುವುದೂ ಒಂದು. ಒಂದು ಸಣ್ಣ ಲೇತನ್ನು ಇಟ್ಟುಕೊಂಡು ಈ ಕೆಲಸವನ್ನು ಹೇಗೆ ಆರಂಭಿಸಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಈ ಪಾಠದಲ್ಲಿ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

ಗೋಣಿಚೀಲದ ಕೆಳಗಿನ ಯಂತ್ರ

ಮೊದಲು ಒಂದು ಸಂಗತಿ. ನಮ್ಮ ಬಳಿ ಓದಿದ ಹುಡುಗನೊಬ್ಬನಿಗೆ ಎರಡು ಎಕರೆ ಹೊಲ. ರಾಗಿ, ಹುರುಳಿ, ಅವರೆ ಬಿಟ್ಟರೆ ಬೇರೆ ಹುಟ್ಟುವಳಿಯಿಲ್ಲ. ಲೇತು ಕೊಳ್ಳುವ ಮುನ್ನ ನಮ್ಮನ್ನು ಕೇಳಲು ಬಂದಿದ್ದ. “ಒಳ್ಳೆಯ ಕೆಲಸ, ಮಾಡಪ್ಪ” ಎಂದಷ್ಟೇ ಹೇಳಿ ಕಳಿಸಿದೆವು. ತಾಯಿಯ ಒಡವೆಯನ್ನು ಅಡವಿಟ್ಟು ಯಂತ್ರವನ್ನು ತಂದ. ಮೊದಲ ದಿನವೇ ಹೂದಾನಿ ಕಡೆಯಲು ಹೊರಟ. ಆಗತಾನೆ ಕಡಿದ ಹುಣಸೆಯ ಹಸಿ ತುಂಡು, ಅಂಗಡಿಯಿಂದ ತಂದ ಹಾಗೆಯೇ ಇದ್ದ ಮೊಂಡ ಉಳಿ. ಉಳಿ ಕಚ್ಚಿಕೊಂಡಿತು, ಮರ ಕಿತ್ತುಕೊಂಡು ಹಾರಿ ಗೋಡೆಗೆ ಬಡಿಯಿತು. ಇನ್ನೆರಡು ಬಾರಿ ಹಾಗೆಯೇ ಆಯಿತು. ಮೂರು ತಿಂಗಳಲ್ಲಿ ಯಂತ್ರ ಗೋಣಿಚೀಲ ಹೊದ್ದುಕೊಂಡು ಮೂಲೆಯಲ್ಲಿ ಕೂತಿತು. ಬಡ್ಡಿ ಮಾತ್ರ ಕೂರಲಿಲ್ಲ.

“ಮೇಷ್ಟ್ರೇ, ಯಂತ್ರವೇ ಸರಿಯಿಲ್ಲ” ಎಂದು ಬಂದು ಹೇಳಿದ. ಹೋಗಿ ನೋಡಿದೆವು. ಯಂತ್ರ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದುದು ಮೂರು: ಉಳಿಗೆ ಸಾಣೆಯಿರಲಿಲ್ಲ, ಮರ ಒಣಗಿರಲಿಲ್ಲ, ಕೈಗೆ ಪಾಠವಾಗಿರಲಿಲ್ಲ. ನಾಲ್ಕನೆಯ ತಪ್ಪು ನಮ್ಮದು. ಸುಲಭದಿಂದ ಕಠಿಣಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಮಕ್ಕಳನ್ನು ಕರೆದೊಯ್ಯಬೇಕೆಂದು ಶಿಕ್ಷಕರ ತರಬೇತಿಯಲ್ಲಿ ಕಲಿತವರು ನಾವು. ಮನೆಯಲ್ಲಿ ಸಣ್ಣ ಲೇತನ್ನಿಟ್ಟುಕೊಂಡು ಆಗಲೇ ನಾಲ್ಕಾರು ವರ್ಷ ಕೆಲಸ ಮಾಡಿದ್ದೆವು. ಆದರೂ ಎಲ್ಲಿಂದ ಆರಂಭಿಸಬೇಕೆಂದು ಆ ಹುಡುಗನಿಗೆ ಹೇಳಲಿಲ್ಲ. ಅಂದು ಹೇಳದೆ ಬಿಟ್ಟುದನ್ನೇ ಇಂದು ಬರೆಯುತ್ತಿದ್ದೇವೆ.

ಯಂತ್ರದ ಅಂಗಗಳು

ಲೇತಿನಲ್ಲಿ ತಿಳಿಯಬೇಕಾದ ಅಂಗಗಳು ನಾಲ್ಕೇ. ಕೆಳಗೆ ಉದ್ದಕ್ಕೆ ಮಲಗಿರುವ ಕಬ್ಬಿಣದ ಹಾಸು. ಎಡಗಡೆ ಮೋಟಾರಿನಿಂದ ತಿರುಗುವ ತಲೆಕಂಬ. ಅದರ ಮೊನೆಯಲ್ಲಿ ಮರವನ್ನು ಕಚ್ಚಿ ಹಿಡಿಯುವ ಮುಳ್ಳುಗಳಿರುತ್ತವೆ. ಬಲಗಡೆ ಹಾಸಿನ ಮೇಲೆ ಹಿಂದೆ ಮುಂದೆ ಸರಿಯುವ ಬಾಲಕಂಬ. ಅದರ ಮೊನೆ ಮರವನ್ನು ಇನ್ನೊಂದು ತುದಿಯಿಂದ ಒತ್ತಿ ಹಿಡಿಯುತ್ತದೆ. ಇವೆರಡರ ನಡುವೆ, ಕೆಲಸಗಾರನ ಕಡೆಗೆ, ಉಳಿಯನ್ನು ಊರುವ ಅಡ್ಡಪಟ್ಟಿ. ಇದನ್ನು ಉಳಿಯಾಸರೆ ಎನ್ನೋಣ.

ಮರವು ಮೇಲಿನಿಂದ ನಮ್ಮ ಕಡೆಗೆ ಇಳಿಯುವಂತೆ ತಿರುಗಬೇಕು. ಉಳಿಯನ್ನು ಕೈಯ ಬಲದಿಂದ ನೂಕುವ ಅಗತ್ಯವಿಲ್ಲ. ಉಳಿ ಆಸರೆಯ ಮೇಲೆ ಊರಿಕೊಂಡಿರಬೇಕು, ಮರವೇ ಬಂದು ಅದರ ಬಾಯಿಗೆ ತಗಲಬೇಕು.

ಹೊಸಬರಿಗೆ ಎರಡು ಮೊನೆಗಳ ನಡುವೆ ಹನ್ನೆರಡರಿಂದ ಹದಿನೆಂಟು ಅಂಗುಲ ಉದ್ದದ ಮರ ಹಿಡಿಯುವ, ಅರ್ಧ ಕುದುರೆಶಕ್ತಿಯ ಮೋಟಾರಿನ ಸಣ್ಣ ಲೇತು ಧಾರಾಳವಾಗಿ ಸಾಕು. ಹಳೆಯದನ್ನು ಕೊಳ್ಳುವುದಾದರೆ ಮೂರು ಪರೀಕ್ಷೆ ಮಾಡಿರಿ. ಬಾಲಕಂಬವನ್ನು ತಲೆಕಂಬದವರೆಗೆ ತಳ್ಳಿ ನೋಡಿರಿ. ಎರಡು ಮೊನೆಗಳು ಸೂಜಿಗೆ ಸೂಜಿ ಮುಟ್ಟಿದಂತೆ ಎದುರುಬದುರಾಗಿ ಕೂಡಬೇಕು. ತಲೆಕಂಬದ ಅಚ್ಚನ್ನು ಕೈಯಲ್ಲಿ ಹಿಡಿದು ಅಲುಗಿಸಿರಿ; ಎತ್ತಿನ ಗಾಡಿಯ ಸವೆದ ಅಚ್ಚಿನಂತೆ ಲೊಡಲೊಡ ಎನ್ನಬಾರದು. ಹಾಸು ಭಾರವಾಗಿರಬೇಕು, ಹಗುರವಾದ ಯಂತ್ರ ನಡುಗುತ್ತದೆ, ನಡುಗಿದರೆ ಮರದ ಮೈ ಒರಟಾಗುತ್ತದೆ. ಹಗುರವೇ ಸಿಕ್ಕಿದರೆ ಮೇಜಿನ ಕೆಳಗೆ ಮರಳಿನ ಚೀಲ ಹೇರಿದರೆ ನಡುಕ ಬಹಳ ಮಟ್ಟಿಗೆ ನಿಲ್ಲುತ್ತದೆ. ಮೊನೆಗಳು ನಿಂತವನ ಮೊಣಕೈ ಮಟ್ಟಕ್ಕೆ ಬರುವಂತೆ ಮೇಜನ್ನು ಕಟ್ಟಿಸಬೇಕು. ತಗ್ಗಾದರೆ ಸೊಂಟ ನೋವು. ಎತ್ತರವಾದರೆ ಕೈಗೆ ಹತೋಟಿಯಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತು. ತಮಿಳುನಾಡಿನಲ್ಲಿ ಪಂಪುಸೆಟ್ಟಿಗೆ ಕೊಡುವ ಉಚಿತ ವಿದ್ಯುತ್ತು ಬೇಸಾಯದ ಕೆಲಸಕ್ಕೆ ಮಾತ್ರ. ಬಾವಿಯ ಮನೆಯಿಂದ ತಂತಿ ಎಳೆದು ಲೇತನ್ನು ನಡೆಸುವುದು ತಪ್ಪು. ನಾಳೆ ಪಂಪಿನ ಸಂಪರ್ಕಕ್ಕೇ ಕುತ್ತು ಬರಬಹುದು. ಮನೆಯ ಮೀಟರಿನಿಂದ, ನೆಲತಂತಿ ಇರುವ ಗಟ್ಟಿ ಸಂಪರ್ಕವನ್ನು ಬಲ್ಲವರಿಂದಲೇ ಹಾಕಿಸಿರಿ. ಮಾರಲು ಮಾಡುವ ದಿನ ಬಂದರೆ ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ ಅದಕ್ಕೆ ತಕ್ಕ ಸಂಪರ್ಕವನ್ನು ಪಡೆಯತಕ್ಕದ್ದು.

ವೇಗದ ಲೆಕ್ಕ

ಸಾಮಾನ್ಯವಾಗಿ ಸಿಗುವ ಮೋಟಾರುಗಳು ನಿಮಿಷಕ್ಕೆ ಸುಮಾರು ೧೪೪೦ ಸುತ್ತು ತಿರುಗುತ್ತವೆ. ಮೋಟಾರಿಗೂ ಲೇತಿನ ಅಚ್ಚಿಗೂ ಮೆಟ್ಟಿಲು ಮೆಟ್ಟಿಲಾದ ಗಾಲಿಗಳಿದ್ದು, ಪಟ್ಟಿಯನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾಕಿ ವೇಗವನ್ನು ಬದಲಿಸಬಹುದು. ಲೆಕ್ಕ ಶಾಲೆಯ ಹುಡುಗರಿಗೂ ಬರುವಂಥದು. ಮೋಟಾರಿನ ಸುತ್ತನ್ನು ಮೋಟಾರಿನ ಗಾಲಿಯ ಅಡ್ಡಳತೆಯಿಂದ ಗುಣಿಸಿ, ಅಚ್ಚಿನ ಗಾಲಿಯ ಅಡ್ಡಳತೆಯಿಂದ ಭಾಗಿಸಿರಿ. ಮೋಟಾರಿನದು ೨ ಅಂಗುಲ, ಅಚ್ಚಿನದು ೪ ಅಂಗುಲವಾದರೆ ೭೨೦ ಸುತ್ತು. ಎರಡೂ ೩ ಅಂಗುಲವಾದರೆ ೧೪೪೦. ಮೋಟಾರಿನದು ೪, ಅಚ್ಚಿನದು ೨ ಆದರೆ ೨೮೮೦.

ಆದರೆ ಉಳಿಗೆ ತಿಳಿಯುವುದು ಸುತ್ತಿನ ಎಣಿಕೆಯಲ್ಲ, ಮರದ ಅಂಚಿನ ಓಟ. ೨ ಅಂಗುಲ ದಪ್ಪದ ಮರ ೧೪೪೦ ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು ೭೫೦ ಅಡಿ ಓಡುತ್ತದೆ. ಅದೇ ವೇಗದಲ್ಲಿ ೪ ಅಂಗುಲದ ಮರವಾದರೆ ೧೫೦೦ ಅಡಿ. ಆದ್ದರಿಂದ ಮರ ದಪ್ಪವಾದಷ್ಟೂ ಸುತ್ತು ಕಡಿಮೆಯಾಗಬೇಕು. ಮೂಲೆಗಳಿರುವ ಒರಟು ಮರವನ್ನು ಮೊದಲು ೭೨೦ರಲ್ಲಿ ಗುಂಡಾಗಿಸಿ, ಆಮೇಲೆ ೧೪೪೦ಕ್ಕೆ ಹೋಗಿರಿ. ೨೮೮೦ರ ಮೆಟ್ಟಿಲನ್ನು ಮೊದಲ ವರ್ಷ ಮುಟ್ಟಲೇಬೇಡಿರಿ. ಪಟ್ಟಿ ಬದಲಿಸುವಾಗ ಗುಂಡಿ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಉಳಿ ಮತ್ತು ಸಾಣೆ

ಮೂರು ಉಳಿಗಳಿದ್ದರೆ ಆರಂಭಕ್ಕೆ ಸಾಕು. ಒಂದು, ಸೀಳಿದ ಬಿದಿರಿನಂತೆ ನಡುವೆ ತಗ್ಗಿರುವ ಅಗಲವಾದ ಉಳಿ; ಇದು ಒರಟು ಮರವನ್ನು ಗುಂಡಾಗಿಸುವುದಕ್ಕೆ. ಎರಡು, ಓರೆ ಬಾಯಿಯ ಚಪ್ಪಟೆ ಉಳಿ. ಇದು ಮೈ ನುಣುಪಾಗಿಸುವುದಕ್ಕೆ. ಮೂರು, ಕಿರಿದಾದ ಉಳಿ. ಇದು ಅಳತೆಯ ಗೆರೆ ತೋಡುವುದಕ್ಕೂ ತುದಿ ಕತ್ತರಿಸುವುದಕ್ಕೂ.

ಮರಗೆಲಸದ ಸಾಮಾನ್ಯ ಉಳಿ ಲೇತಿಗೆ ಆಗದು. ಲೇತಿನ ಉಳಿ ಉದ್ದವಾಗಿಯೂ ದಪ್ಪವಾಗಿಯೂ ಇರಬೇಕು. ಹಳೆಯ ಅರವನ್ನು ತೀಡಿ ಉಳಿ ಮಾಡಿಕೊಳ್ಳುವವರುಂಟು. ಇದು ಅಪಾಯಕರ. ಅರದ ಉಕ್ಕು ಗಾಜಿನಂತೆ ಪೆಡಸು. ಮರ ಕಚ್ಚಿ ಎಳೆದಾಗ ಫಕ್ಕನೆ ಮುರಿದು ಚೂರು ಮುಖಕ್ಕೆ ಹಾರುತ್ತದೆ. ಊರ ಕಮ್ಮಾರನಿಂದ ಮಾಡಿಸುವುದಾದರೆ, ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಮಾಡಿಸಿ ಹದ ಹಾಕಿಸುವುದು ಮೇಲು.

ಸಾಣೆಯೇ ಈ ವಿದ್ಯೆಯ ಅರ್ಧ ಭಾಗ. ಒರಟು ಕೆಲಸದ ಉಳಿಗೆ ಸುಮಾರು ೪೫ ಡಿಗ್ರಿ ಓರೆ, ಚಪ್ಪಟೆ ಉಳಿಗೆ ಎರಡು ಮುಖಗಳೂ ಸೇರಿ ೨೫ರಿಂದ ೩೦ ಡಿಗ್ರಿ ಇರಲಿ. ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕದಿಂದ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಟ್ಟುಕೊಂಡರೆ ಪ್ರತಿ ಸಲವೂ ಅದೇ ಓರೆ ಬರುತ್ತದೆ. ಕಮ್ಮಾರನ ಉಳಿಯನ್ನು ಸಾಣೆಕಲ್ಲಿಗೆ ಹಿಡಿದಾಗ ಆಗಾಗ ನೀರಿನಲ್ಲಿ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿಯವರೆಗೆ ಹದ ಹೋಯಿತೆಂದೇ ತಿಳಿಯಿರಿ. ಆ ಭಾಗವನ್ನು ತೇದು ಕಳೆಯದೆ ಗತಿಯಿಲ್ಲ. ಹೈಸ್ಪೀಡ್ ಉಕ್ಕಿನ ಉಳಿಯಾದರೆ ಅಷ್ಟು ಬೇಗ ಹದ ಕೆಡುವುದಿಲ್ಲ. ಅದನ್ನು ಬಿಸಿಯಿದ್ದಾಗ ನೀರಿಗೆ ಅದ್ದಬಾರದು, ತಾನಾಗಿ ಆರಲು ಬಿಡಬೇಕು.

ಉಳಿ ಹರಿತವಿದೆಯೆಂಬುದು ಹೇಗೆ ತಿಳಿಯಬೇಕು? ಹೊಟ್ಟನ್ನು ನೋಡಿರಿ. ಉದ್ದುದ್ದ ಸುರುಳಿಯಾಗಿ ಬಂದರೆ ಹರಿತವಿದೆ. ಹಿಟ್ಟಿನಂತೆ ಉದುರಿದರೆ ಉಳಿ ಕೊರೆಯುತ್ತಿಲ್ಲ, ಉಜ್ಜುತ್ತಿದೆ. ನಿಲ್ಲಿಸಿ ಸಾಣೆಗೆ ಹೋಗಿರಿ.

ಮರದ ಆಯ್ಕೆ

ಕೈ ಪಳಗಿಸಿಕೊಳ್ಳಲು ಸಿಲ್ವರ್ ಓಕ್, ಹೆಬ್ಬೇವುಗಳಂಥ ಮೆದು ಮರ ಒಳ್ಳೆಯದು. ಹಿಡಿಗಳಿಗೆ ಕರಿಜಾಲಿ ಉತ್ತಮ, ಪೆಟ್ಟು ತಡೆಯುತ್ತದೆ. ಹುಣಸೆಯೂ ಗಟ್ಟಿ, ಆದರೆ ಹೊಸಬನ ಕೈಗಲ್ಲ. ಗೊಂಬೆ, ಬುಗುರಿ, ಗಿಲಕಿಗಳಿಗೆ ಚನ್ನಪಟ್ಟಣದವರು ಬಳಸುವ ಆಲೆ ಮರ ಪ್ರಸಿದ್ಧವಾದದ್ದು. ಇದನ್ನೇ ಹಾಲೆ, ಬೆಪ್ಪಾಲೆ ಎಂದೂ ಕರೆಯುತ್ತಾರೆ. ತಮಿಳಿನ ವೆಟ್ಪಾಲೈ, ತೆಲುಗಿನ ಅಂಕುಡು ಇದೇ ಮರ. ದಂತದಂತೆ ಬಿಳುಪು, ಎಳೆ ನವಿರಾದುದರಿಂದ ಮೈ ನುಣ್ಣಗಾಗುತ್ತದೆ.

ಬೇಲಿಯಲ್ಲಿ ಸಿಕ್ಕಿತೆಂದು ಕಣಗಿಲೆಯ ಕೊಂಬೆಯನ್ನು ಕಡೆಯಬೇಡಿರಿ. ಅದರ ಎಲ್ಲ ಭಾಗವೂ ವಿಷ. ಸೌಟಿಗೂ ಆಟಿಕೆಗೂ ಸಲ್ಲದು. ಶ್ರೀಗಂಧ, ಬೀಟೆ ಮೊದಲಾದ ಮರಗಳಿಗೆ ಸರ್ಕಾರದ ಕಟ್ಟಳೆಗಳುಂಟು. ತಮ್ಮ ಹೊಲದಲ್ಲಿಯೇ ಇದ್ದರೂ ಅರಣ್ಯ ಕಚೇರಿಯಲ್ಲಿ ವಿಚಾರಿಸದೆ ಕೊಡಲಿ ಹಾಕಬಾರದು.

ಹಸಿ ಮರದಲ್ಲಿ ಮಾಡಿದ ಹಿಡಿ ಒಣಗಿದಂತೆ ಕುಗ್ಗಿ ಕಬ್ಬಿಣದಿಂದ ಸಡಿಲವಾಗುತ್ತದೆ, ಸೀಳುವುದೂ ಉಂಟು. ಮರದ ನೀರು ಮೈಗಿಂತ ಕತ್ತರಿಸಿದ ತುದಿಗಳಿಂದ ಬಹುಬೇಗ ಆರುತ್ತದೆ. ತುದಿ ಮೊದಲು ಕುಗ್ಗುವುದರಿಂದ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಆದ್ದರಿಂದ ಕಡಿದ ಕೂಡಲೇ ಎರಡು ತುದಿಗಳಿಗೂ ಮೇಣವನ್ನಾಗಲಿ ಉಳಿದ ಬಣ್ಣವನ್ನಾಗಲಿ ಬಳಿಯಿರಿ. ದಪ್ಪ ತುಂಡನ್ನು ತಿರುಳಿನ ಮೇಲೆ ಹಾದು ಎರಡಾಗಿ ಸೀಳಿರಿ. ನೆರಳಿನಲ್ಲಿ, ನೆಲದಿಂದ ಮೇಲೆ, ನಡುನಡುವೆ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿರಿ. ಒಂದು ತುಂಡಿನ ಮೇಲೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿ ಬರೆದಿಡಿರಿ. ತೂಕ ಇಳಿಯುವುದು ನಿಂತ ದಿನ ಮರ ಒಣಗಿತೆಂದು ಅರ್ಥ. ಈ ತೂಗುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಅವರಿಗೊಂದು ಪಾಠವೂ ಆಗುತ್ತದೆ.

ಗಂಟು, ಬಿರುಕು, ಒಳಗೆ ಸೇರಿಕೊಂಡ ಮೊಳೆ ಇರುವ ತುಂಡನ್ನು ಲೇತಿಗೆ ಏರಿಸಬಾರದು. ಅದು ಒಲೆಗೆ.

ಮೈಮೇಲಿನ ಎಚ್ಚರ

ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ. ನಾವು ಕಲಿಯುತ್ತಿದ್ದ ಮೊದಲ ಬೇಸಗೆಯಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡೇ ಲೇತಿನ ಮುಂದೆ ನಿಂತಿದ್ದೆವು. ಬೆವರು ಒರೆಸಲು ಬಗ್ಗಿದಾಗ ಟವಲಿನ ತುದಿ ಮರಕ್ಕೆ ತಗಲಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಟವಲು ಮರಕ್ಕೆ ಸುತ್ತಿಕೊಂಡಿತು. ಅದು ಹೆಗಲ ಮೇಲೆ ಸಡಿಲವಾಗಿದ್ದುದರಿಂದ ಜಾರಿ ಹೋಯಿತು. ಕೊರಳಿಗೆ ಸುತ್ತಿಕೊಂಡಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿರಲಿಲ್ಲ.

ಆದುದರಿಂದ ಟವಲು, ಜೋಲುವ ಪಂಚೆ, ಸಡಿಲವಾದ ತೋಳಂಗಿ, ಉಂಗುರ, ಕೈದಾರ ಯಾವುದೂ ಕೂಡದು. ಹೆಣ್ಣುಮಕ್ಕಳು ಕೆಲಸಕ್ಕೆ ನಿಂತರೆ ಜಡೆಯನ್ನು ತುರುಬು ಕಟ್ಟಿ, ಸೆರಗನ್ನು ಬಿಗಿದು, ಬಳೆ ತೆಗೆದಿಡಬೇಕು. ಕೈಗವಸನ್ನೂ ಹಾಕಬಾರದು, ಕಾಪಾಡಬೇಕಾದ ಕೈಗವಸೇ ಮರಕ್ಕೆ ಸಿಕ್ಕಿ ಬೆರಳನ್ನು ಎಳೆದುಕೊಳ್ಳುತ್ತದೆ. ಮುಖಕ್ಕೆ ಪಾರದರ್ಶಕ ಮುಸುಕು ಅವಶ್ಯ. ಬರಿಯ ಕನ್ನಡಕ ಸಾಲದು. ಧೂಳು ಶ್ವಾಸಕೋಶಕ್ಕೆ ಕೆಡುಕು. ಮೂಗುಬಾಯಿಗೆ ಧೂಳು ತಡೆಯುವ ಮುಖಗವಸು ಇರಲಿ.

ಗುಂಡಿ ಒತ್ತುವ ಮುನ್ನ ಮರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಆಸರೆಗೆ ತಾಗುವುದಿಲ್ಲವೆಂದು ನೋಡಿರಿ. ಗುಂಡಿ ಒತ್ತುವಾಗ ಮರದ ನೇರದಲ್ಲಿ ನಿಲ್ಲದೆ ಪಕ್ಕಕ್ಕೆ ನಿಲ್ಲಿರಿ. ಹಾರುವುದಿದ್ದರೆ ಅದು ಮೊದಲ ಕ್ಷಣದಲ್ಲಿಯೇ ಹಾರುತ್ತದೆ. ಮರ ತಿರುಗುತ್ತಿರುವಾಗ ಆಸರೆಯನ್ನು ಸರಿಸಬಾರದು. ಯಂತ್ರದ ಬಳಿ ಸಣ್ಣ ಮಕ್ಕಳನ್ನು ಬಿಡಬಾರದು.

ಮೊದಲ ಪಾಠ: ಕುಡುಗೋಲಿನ ಹಿಡಿ

ಈಗ ಕೆಲಸಕ್ಕೆ ಬರೋಣ. ಮೊದಲ ಕೆಲಸವಾಗಿ ನಿಮ್ಮದೇ ಕುಡುಗೋಲಿಗೆ ಒಂದು ಹಿಡಿ ಕಡೆಯಿರಿ. ಗುದ್ದಲಿ, ಕೊಡಲಿಗಳ ಕಾವು ಇದಕ್ಕೆ ಆಗದು. ಅವು ಕೈಯಲ್ಲಿ ಹೊರಳದಂತೆ ಮೊಟ್ಟೆಯಾಕಾರಕ್ಕೆ ಇರಬೇಕು, ಲೇತಿನಲ್ಲಿ ಬರುವುದು ದುಂಡು. ಕುಡುಗೋಲು, ಅರ, ಉಳಿ ಇವುಗಳ ಹಿಡಿ ಲೇತಿಗೆ ಹೇಳಿ ಮಾಡಿಸಿದ ಕೆಲಸ.

೧. ಒಂದೂವರೆ ಅಂಗುಲ ಚದರದ, ಎಂಟು ಅಂಗುಲ ಉದ್ದದ, ಎಳೆ ನೇರವಾಗಿರುವ ಒಣ ತುಂಡನ್ನು ಆರಿಸಿರಿ. ಎರಡು ತುದಿಗಳಲ್ಲಿಯೂ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಗಳು ಕೂಡುವ ಕಡೆ ನಡುಬಿಂದು. ಅಲ್ಲಿ ಮೊಳೆಯಿಂದ ಚುಚ್ಚಿ ಗುರುತಿಡಿರಿ. ನಾಲ್ಕು ಅಂಚುಗಳನ್ನೂ ಬಾಚಿಯಿಂದಲೋ ಉಜ್ಜುಗೊರಡಿನಿಂದಲೋ ತೆಗೆದು ಎಂಟು ಮೂಲೆ ಮಾಡಿರಿ.

೨. ತಲೆಕಂಬದ ಮುಳ್ಳುಮೊನೆಯನ್ನು ಯಂತ್ರದಿಂದ ತೆಗೆದು, ಮರದ ಒಂದು ತುದಿಗೆ ಮರದ ಕೊಡತಿಯಿಂದ ಹೊಡೆದು ಕೂರಿಸಿರಿ. ಯಂತ್ರದಲ್ಲಿಟ್ಟು ಹೊಡೆದರೆ ಅಚ್ಚಿನ ಬೇರಿಂಗು ಕೆಡುತ್ತದೆ. ಆಮೇಲೆ ಮೊನೆ ಸಮೇತ ಲೇತಿಗೆ ಏರಿಸಿ, ಬಾಲಕಂಬವನ್ನು ತಂದು ಬಿಗಿ ಮಾಡಿರಿ. ಬಾಲದ ಮೊನೆ ತಿರುಗದ ಬಗೆಯದಾದರೆ ಅಲ್ಲಿಗೆ ಸ್ವಲ್ಪ ಮೇಣ ಹಚ್ಚಿರಿ; ಇಲ್ಲವಾದರೆ ಮರ ಸುಟ್ಟು ಹೊಗೆಯಾಡುತ್ತದೆ.

೩. ಆಸರೆಯನ್ನು ಮರದ ಮೂಲೆಯಿಂದ ಅಂಗುಲದ ಎಂಟನೆಯ ಒಂದು ಭಾಗದಷ್ಟು ದೂರಕ್ಕೆ, ನಡುಬಿಂದುವಿನ ಮಟ್ಟಕ್ಕೆ ಇಲ್ಲವೆ ತುಸು ಕೆಳಕ್ಕೆ ಬಿಗಿಯಿರಿ. ಮರ ಸಣ್ಣದಾದಂತೆ ಯಂತ್ರ ನಿಲ್ಲಿಸಿ ಆಸರೆಯನ್ನು ಹತ್ತಿರ ತರುತ್ತಿರಬೇಕು. ನಡುವೆ ಸಂದು ಹೆಚ್ಚಾದರೆ ಉಳಿ ಅದರೊಳಗೆ ಕುಸಿಯುತ್ತದೆ.

೪. ೭೨೦ ಸುತ್ತಿನಲ್ಲಿ ಯಂತ್ರ ನಡೆಸಿರಿ. ತಗ್ಗು ಉಳಿಯನ್ನು ಮೊದಲು ಆಸರೆಯ ಮೇಲೆ ಊರಿರಿ. ಆಮೇಲೆ ಮರಕ್ಕೆ ತಗಲಿಸಿರಿ. ಈ ಕ್ರಮ ಎಂದಿಗೂ ತಿರುವುಮುರುವಾಗಬಾರದು. ಉಳಿಯ ಹಿಡಿಯನ್ನು ಸೊಂಟದ ಬಳಿ ತಗ್ಗಿಸಿ ಹಿಡಿದರೆ ಬಾಯಿಯ ಹಿಂದಿನ ಓರೆ ಮುಖ ಮಾತ್ರ ಮರಕ್ಕೆ ಒರಸುತ್ತದೆ, ಕೊರೆಯುವುದಿಲ್ಲ. ಈಗ ಹಿಡಿಯನ್ನು ಮೆಲ್ಲನೆ ಮೇಲೆತ್ತಿರಿ. ಒಂದು ಹಂತದಲ್ಲಿ ಹೊಟ್ಟು ಸುರುಳಿಯಾಗಿ ಏಳತೊಡಗುತ್ತದೆ. ಅದೇ ಸರಿಯಾದ ಕೋನ. ಬಾಲದ ತುದಿಯಿಂದ ಎರಡೆರಡು ಅಂಗುಲವಾಗಿ ಹಿಂದೆ ಸರಿಯುತ್ತ, ಪ್ರತಿ ಸಲವೂ ತುದಿಯ ಕಡೆಗೆ ಕೊರೆದು ಗುಂಡಾಗಿಸಿರಿ. ಕೊನೆಯ ಎರಡು ಅಂಗುಲವನ್ನು ಮಾತ್ರ ತಲೆಕಂಬದ ಕಡೆಗೆ ಕೊರೆಯಿರಿ.

೫. ಹಿಡಿಯ ಮುಂದಿನ ತುದಿ ಬಾಲಕಂಬದ ಕಡೆ ಇರಲಿ. ಅಲ್ಲಿ ಕಬ್ಬಿಣದ ಬಳೆ ಕೂರಬೇಕು. ಹಳೆಯ ನೀರಿನ ಕೊಳವೆಯಿಂದ ಮುಕ್ಕಾಲು ಅಂಗುಲ ಉದ್ದದ ತುಂಡು ಕತ್ತರಿಸಿಕೊಂಡರೆ ಬಳೆ ಸಿದ್ಧ. ಅದರ ಒಳ ಅಳತೆಗೆ ಕಿರಿದಾದ ಉಳಿಯಿಂದ ಮರವನ್ನು ಇಳಿಸಿರಿ. ಆಗಾಗ ಯಂತ್ರ ನಿಲ್ಲಿಸಿ ಕಾಲಿಪರಿನಿಂದ ಅಳೆಯಿರಿ. ಬಳೆ ತಟ್ಟಿ ಕೂರಿಸುವಷ್ಟು ಬಿಗಿಯಾಗಿರಬೇಕು.

೬. ಈಗ ೧೪೪೦ ಸುತ್ತಿಗೆ ಹೋಗಿ ಆಕಾರ ಕೊಡಿರಿ. ನಡುವೆ ಅಂಗೈ ತುಂಬುವಷ್ಟು ಉಬ್ಬು, ಬಳೆಯ ಹಿಂದೆ ಬೆರಳು ಕೂರುವ ತಗ್ಗು, ಹಿಂಬದಿಗೆ ಕೈ ಜಾರದಂತೆ ಒಂದು ಗುಬುಟು. ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ, ಇಳಿಜಾರಿನಲ್ಲಿ ನೀರು ಹರಿಯುವಂತೆ ಕೊರೆಯಬೇಕು. ಏರು ಕೊರೆದರೆ ಎಳೆ ಎದ್ದು ಮೈ ಹರಿಯುತ್ತದೆ. ಓರೆ ಬಾಯಿಯ ಉಳಿಯಲ್ಲಿ ಬಾಯಿಯ ನಡುಭಾಗವೂ ಅದಕ್ಕಿಂತ ಕೆಳಭಾಗವೂ ಮಾತ್ರ ಕೊರೆಯಲಿ. ಮೇಲಿನ ಚೂಪು ತುದಿ ಮರಕ್ಕೆ ತಾಗಿತೋ, ಕಚ್ಚಿತೆಂದೇ ತಿಳಿಯಿರಿ.

೭. ಆಸರೆಯನ್ನು ತೆಗೆದಿಟ್ಟು, ಉಪ್ಪುಕಾಗದವನ್ನು ೧೨೦, ೧೮೦, ೨೨೦ ಎಂಬ ಕ್ರಮದಲ್ಲಿ ಮರದ ಕೆಳಮಗ್ಗುಲಿಗೆ ಹಗುರವಾಗಿ ಹಿಡಿಯಿರಿ. ಯಂತ್ರ ನಿಲ್ಲಿಸಿ ಅಗಸೆ ಎಣ್ಣೆ ಹಚ್ಚಿ ಒರೆಸಿರಿ. ತಿರುಗುವ ಮರಕ್ಕೆ ಬಟ್ಟೆ ಹಿಡಿಯಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಕಾವೇರಿ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರಡಿ ಒಣಗಿಸಬೇಕು. ಹುಲ್ಲಿನ ಬಣವೆಯಿರುವ ಮನೆಯವರು ಇದನ್ನು ಮರೆಯಬಾರದು.

೮. ಹಿಡಿಯನ್ನು ಇಳಿಸಿ, ಎರಡು ತುದಿಯ ಉಳಿಕೆಗಳನ್ನು ಗರಗಸದಿಂದ ಕೊಯ್ದು, ಕುಡುಗೋಲಿನ ಮೊನೆಗಿಂತ ತುಸು ಸಣ್ಣ ತೂತು ಕೊರೆದು, ಬಳೆ ಕೂರಿಸಿ, ಮೊನೆಯನ್ನು ಬಿಗಿಯಿರಿ.

ಹಿಡಿಯೇ ಏಕೆ ಮೊದಲೆಂದು ಕೇಳಬಹುದು. ಈ ಒಂದು ಹಿಡಿಯಲ್ಲಿ ನೇರ ಕೊರೆತ, ಅಳತೆಯ ಕೊರೆತ, ಉಬ್ಬು, ತಗ್ಗು, ನುಣುಪು ಎಲ್ಲ ಪಾಠವೂ ಬಂತು. ಮರ ಕೆಟ್ಟರೆ ನಷ್ಟ ಒಂದು ಸೌದೆಯ ತುಂಡು. ಎಲ್ಲಕ್ಕಿಂತ ಮಿಗಿಲಾಗಿ, ಹೂದಾನಿಯ ದೋಷವನ್ನು ನೋಡಿದವರು ಹೇಳಿಯಾರು, ಹೇಳದೆಯೂ ಇದ್ದಾರು. ಹಿಡಿಯ ದೋಷವನ್ನು ಮಾರನೆಯ ದಿನ ಹುಲ್ಲು ಕೊಯ್ದಾಗ ನಮ್ಮ ಅಂಗೈಯ ಬೊಬ್ಬೆಯೇ ಹೇಳುತ್ತದೆ. ಹೀಗೆ ಹತ್ತು ಹಿಡಿ ಮಾಡಿದವನು ಆಮೇಲೆ ಲಟ್ಟಣಿಗೆ, ಮುದ್ದೆಕೋಲು, ಕಡೆಗೋಲಿನ ಕೋಲು, ಮಕ್ಕಳ ಬುಗುರಿ ಈ ಕ್ರಮದಲ್ಲಿ ಮುಂದುವರಿಯಬಹುದು. ಬಟ್ಟಲು, ಹೂದಾನಿಗಳು ಒಂದು ವರ್ಷ ಕಾಯಲಿ.

ಚನ್ನಪಟ್ಟಣವನ್ನು ನೋಡಿ ಬನ್ನಿ

ಕೈ ಸ್ವಲ್ಪ ಪಳಗಿದ ಮೇಲೆ ಒಮ್ಮೆ ಚನ್ನಪಟ್ಟಣಕ್ಕೆ ಹೋಗಿ ಬನ್ನಿ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು. ಅಲ್ಲಿಯ ಕುಶಲಿಗರು ಬಣ್ಣ ಕಟ್ಟುವುದನ್ನು ಕಣ್ಣಾರೆ ನೋಡಬೇಕು. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಕುಂಚವೂ ಇಲ್ಲ, ಒಣಗಲು ಕಾಯುವುದೂ ಇಲ್ಲ.

ಆ ಗೊಂಬೆಗಳಿಗೆ ೨೦೦೫-೦೬ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಳಿಗೂ ೨೦೧೭ರಲ್ಲಿ ಅದೇ ಮನ್ನಣೆ ಬಂತು. ಇದರ ಅರ್ಥವನ್ನು ನಾವು ತಿಳಿಯಬೇಕು. ವಿದ್ಯೆಯನ್ನು ಯಾರೂ ಕಲಿಯಬಹುದು. ಆದರೆ ನಮ್ಮ ಊರಿನಲ್ಲಿ ಕಡೆದ ಬುಗುರಿಯನ್ನು ಚನ್ನಪಟ್ಟಣದ್ದೆಂದು ಹೇಳಿ ಸಂತೆಯಲ್ಲಿ ಮಾರಬಾರದು. ಅದು ಕಾನೂನಿಗೂ ವಿರುದ್ಧ, ನೀತಿಗೂ ವಿರುದ್ಧ. ನಮ್ಮ ಸರಕಿಗೆ ನಮ್ಮ ಊರ ಹೆಸರೇ ಇರಲಿ.

ಕೊನೆಯ ಮಾತು

ಗೋಣಿಚೀಲದ ಕೆಳಗಿದ್ದ ಆ ಯಂತ್ರದ ಕಥೆಯನ್ನು ಪೂರ್ತಿ ಮಾಡಬೇಕು. ಆ ಹುಡುಗನನ್ನು ಕೂರಿಸಿಕೊಂಡು ಮೊದಲ ವಾರವೆಲ್ಲ ಬರಿಯ ಸಾಣೆ ಹಿಡಿಸಿದೆವು. ಎರಡನೆಯ ವಾರ ಸಿಲ್ವರ್ ಓಕಿನ ತುಂಡುಗಳನ್ನು ಗುಂಡಾಗಿಸಿ ಒಲೆಗೆ ಹಾಕಿಸಿದೆವು. “ಮೇಷ್ಟ್ರೇ, ಇದೇನು, ಮಾಡಿದ್ದೆಲ್ಲ ಸೌದೆಗೆ!” ಎಂದು ಅವನ ತಾಯಿ ನಕ್ಕರು. ಮೂರನೆಯ ವಾರ ಮೊದಲ ಹಿಡಿ ಬಂತು. ತುಸು ಸೊಟ್ಟ, ಆದರೆ ಗಟ್ಟಿ. ಆ ಸುಗ್ಗಿಯಲ್ಲಿ ಆ ತಾಯಿ ಅದೇ ಹಿಡಿಯ ಕುಡುಗೋಲಿನಿಂದ ರಾಗಿ ಕೊಯ್ದರು. ನೆರೆಹೊರೆಯವರು ನೋಡಿ ತಮಗೂ ಬೇಕೆಂದರು. ಈಗ ಅವನು ಬೇಸಗೆಯಲ್ಲಿ ಹಿಡಿ, ಲಟ್ಟಣಿಗೆ, ಮುದ್ದೆಕೋಲುಗಳನ್ನು ಕಡೆದು ಸಂತೆಗೆ ಒಯ್ಯುತ್ತಾನೆ. ದೊಡ್ಡ ಹಣವೇನಲ್ಲ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಆದರೆ ಬಿಡಿಸಿಕೊಂಡ.

ಆದುದರಿಂದ ಯಂತ್ರಕ್ಕಾಗಿ ಸಾಲ ಮಾಡುವ ಮುನ್ನ, ಲೇತಿರುವವರ ಬಳಿ ಒಂದು ಬೇಸಗೆ ಕೈಜೋಡಿಸಿ ನೋಡಿರಿ. ನಿಮ್ಮ ಮನೆಯ ಕುಡುಗೋಲಿಗೆ ನಿಮ್ಮ ಕೈಯಿಂದಲೇ ಒಂದು ಹಿಡಿ ಮಾಡಿ, ಒಂದು ಸುಗ್ಗಿ ಅದರಲ್ಲಿ ಕೊಯ್ದು, ಅಂಗೈ ಏನು ಹೇಳುತ್ತದೆಂದು ಕೇಳಿರಿ. ಅದು ಒಪ್ಪಿದರೆ ಯಂತ್ರ ಕೊಳ್ಳಿರಿ.